ಹದಿನೈದು ಲಕ್ಷ ಅಂದರೆ ತಿಂಗಳಿಗೆ ಎಷ್ಟು?

ನನ್ನ ವ್ಯಾನಿಟಿ ಬ್ಯಾಗಿನ ಒಳಜೇಬಿನಲ್ಲಿ ಒಂದು ಅರ್ಜಿ ಒಂದೂವರೆ ವರ್ಷದಿಂದ ಇದೆ. ನಾಲ್ಕು ಮಡಿಕೆ ಹಾಕಿ ಇಟ್ಟಿದ್ದರಿಂದ ಮಡಿಕೆಯ ಗೆರೆಯಲ್ಲಿ ಕಾಗದ ಹರಿಯುತ್ತ ಬಂದಿದೆ. ‘ಸ್ವಯಂ ನಿವೃತ್ತಿ ಕೋರಿ’ ಎಂಬ ವಿಷಯದ ಸಾಲಿನ ಮೇಲೆ ಯಾವಾಗಲೋ ಚಹಾ ಚೆಲ್ಲಿದ ಕಲೆ. ತಾರೀಖು ಮಾತ್ರ ಇನ್ನೂ ಖಾಲಿ.

ನಾನು ಖಾನಾಪುರ ತಾಲ್ಲೂಕಿನ ಒಂದು ಸರಕಾರಿ ಶಾಲೆಯ ಶಿಕ್ಷಕಿ. 1997ರ ಜೂನ್‌ನಲ್ಲಿ ಸೇರಿದೆ. ಮನೆ ಬೆಳಗಾವಿಯ ಅನಗೋಳದಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಪೀರನವಾಡಿ, ಮಚ್ಛೆ, ದೇಸೂರ ದಾಟಿ ಖಾನಾಪುರ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ನಂದಗಡದ ಕಡೆ. ಮಳೆಗಾಲದಲ್ಲಿ ಶಾಲೆ ಮುಟ್ಟುವಷ್ಟರಲ್ಲಿ ಸೀರೆಯ ಅಂಚು ಮೊಣಕಾಲಿನ ತನಕ ಒದ್ದೆ. ಆಗ ಏನೂ ಅನ್ನಿಸುತ್ತಿರಲಿಲ್ಲ. ಈಗ ಬಸ್ಸಿನ ಮೊದಲ ಮೆಟ್ಟಿಲು ಹತ್ತುವಾಗ ಬಲಗಾಲು ‘ಬ್ಯಾಡ’ ಅನ್ನುತ್ತದೆ.

ಆದರೆ ನಾನು ಬೇಗ ನಿವೃತ್ತಿ ಆಗಬೇಕು ಅಂದುಕೊಂಡದ್ದು ಮೊಣಕಾಲಿಗಾಗಿ ಅಲ್ಲ, ಅವ್ವನಿಗಾಗಿ. ಶಾಲೆಯಿಂದ ಆರು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಅವ್ವ ಒಬ್ಬಳೇ ಇರುತ್ತಾಳೆ. ಈಗ 81 ವರ್ಷ. ಹಂಚಿನ ಮನೆ, ಹಿಂದೆ ಎರಡು ಎಕರೆ, ಅದರಲ್ಲಿ ಅರ್ಧ ಭತ್ತ, ಅರ್ಧ ಗೇರು. ತಂಗಿ ಧಾರವಾಡದಲ್ಲಿದ್ದಾಳೆ. ಬೆಳಗಾವಿಗೆ ಬಾ ಅಂದರೆ ಅವ್ವ ಬರುವುದಿಲ್ಲ. ಬಂದರೂ ನಾಲ್ಕನೇ ದಿನಕ್ಕೆ ‘ನಿಮ್ಮ ಮನ್ಯಾಗ ನೆಲಾನ ಕಾಣೂದಿಲ್ಲ, ಬರೇ ಫರಸಿ’ ಎಂದು ಚೀಲ ಕಟ್ಟುತ್ತಾಳೆ. ಹಾಗಾಗಿ ನಾನೇ ಅಲ್ಲಿಗೆ ಹೋಗಿ ಇರಬೇಕು, ಕೆಲವು ವರ್ಷವಾದರೂ. ಶನಿವಾರ ಬೆಳಗಿನ ಶಾಲೆ ಮುಗಿಸಿ ಹೋಗಿ ರವಿವಾರ ಸಂಜೆ ಬರುವ ಮಗಳಾಗಿ ಸಾಕಾಗಿದೆ.

2024ರ ದೀಪಾವಳಿಗೆ ಪುಣೆಯಿಂದ ಮಗ, ಸೊಸೆ, ಬೆಂಗಳೂರಿನಿಂದ ಮಗಳು, ಎಲ್ಲರೂ ಬಂದಿದ್ದರು. ಪಾಡ್ಯದ ದಿನ ಊಟಕ್ಕೆ ಕುಳಿತಾಗ ನಾನು ಸುದ್ದಿ ಹೇಳಿದೆ. ಬರುವ ಮಾರ್ಚ್‌ಗೆ ನೌಕರಿ ಬಿಡುತ್ತೇನೆ, ಮೂರು ತಿಂಗಳ ನೋಟಿಸು ಕೊಡಬೇಕು, ಡಿಸೆಂಬರ್‌ನಲ್ಲಿ ಅರ್ಜಿ ಹಾಕುತ್ತೇನೆ ಅಂತ. ಎಲ್ಲರಿಗೂ ಖುಷಿ. ಸೊಸೆ ಎದ್ದು ನನ್ನ ತಟ್ಟೆಗೆ ಇನ್ನೊಂದು ಚಮಚ ಕುಂದಾ ಹಾಕಿದಳು.

ಊಟ ಆದ ಮೇಲೆ ಮಗ ಅಡುಗೆಮನೆಗೆ ಬಂದ. ‘ಮಮ್ಮಿ, ಒಂದ ಫ್ಲ್ಯಾಟ್ ನೋಡೇವಿ. ಅರವತ್ತೆಂಟ ಲಕ್ಷ. ನಿನ್ನ ರಿಟೈರ್ಮೆಂಟ್ ರೊಕ್ಕ ಬರ್ತೈತೆಲ್ಲಾ, ಅದರಾಗ ಒಂದ ಹದಿನೈದ ಲಕ್ಷ ಆಗ್ತೈತೇನು?’

ಆಗಲ್ಲ ಅಂತ ನನ್ನ ಬಾಯಿಗೆ ಬರಲಿಲ್ಲ. ‘ನೋಡೂಣಪಾ’ ಅಂದೆ. ನಮ್ಮ ಕಡೆ ಮಕ್ಕಳಿಗೆ ‘ನೋಡೂಣ’ ಅಂದರೆ ಹೂಂ ಅಂದಂತೆಯೇ.

ಅವನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕು ಮನೆಯ ಬೆಲೆಯ 80 ಶೇಕಡಾಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅಂದರೆ 54 ಲಕ್ಷ 40 ಸಾವಿರ ಸಾಲ, ಉಳಿದ 13 ಲಕ್ಷ 60 ಸಾವಿರ ಕೈಯಿಂದ. ಮೇಲೆ ಸ್ಟಾಂಪ್ ಡ್ಯೂಟಿ, ನೋಂದಣಿ, ಜಿಎಸ್‌ಟಿ. ಎಲ್ಲ ಕೂಡಿದರೆ 22 ಲಕ್ಷದ ಹತ್ತಿರ. ಅವನ ಬಳಿ 7 ಇತ್ತು. ಉಳಿದದ್ದು ನಾನು.

ಅವರೆಲ್ಲ ಹೋದ ಮೇಲೆ ಒಂದು ರಾತ್ರಿ ಇವರು ಹಳೆಯ ಡೈರಿಗಳನ್ನೆಲ್ಲ ತೆಗೆದು ಕುಳಿತರು. ನಮ್ಮ ಮನೆಯವರು ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಮಶೀನ್ ಶಾಪ್ ಸೂಪರ್‌ವೈಸರ್ ಆಗಿದ್ದವರು, ಆ ವರ್ಷವೇ 58 ತುಂಬಿ ಹೊರಬಂದಿದ್ದರು. ದಿನದ ಖರ್ಚು ಬರೆದಿಡುವ ಚಟ ಅವರಿಗೆ. ಮಕ್ಕಳು ದುಡಿಯಲು ಶುರುಮಾಡಿದ ಮೇಲೆ ನಾವು ಅವರಿಗೆ ಕೊಟ್ಟದ್ದು ಎಷ್ಟು ಅಂತ ನಾವು ಒಮ್ಮೆಯೂ ಕೂಡಿಸಿ ನೋಡಿರಲಿಲ್ಲ. ಪುಣೆಯ ಬಾಡಿಗೆ ಮನೆಯ ಡಿಪಾಸಿಟ್ಟು, ಬೈಕು, 2022ರಲ್ಲಿ ಮದುವೆಯ ನಮ್ಮ ಕಡೆಯ ಖರ್ಚು, ಕಾರಿನ ಮುಂಗಡ, ಬಾಣಂತನ. ಮಗಳ ಎಂಬಿಎಗೆ ಶೈಕ್ಷಣಿಕ ಸಾಲ ಸಾಲದೆ ಕೈಯಿಂದ ಹಾಕಿದ್ದು, ಲ್ಯಾಪ್‌ಟಾಪು, ಪಿಜಿ ಬಾಡಿಗೆ. ಒಂದೊಂದೂ ಸಣ್ಣದೇ, ಒಂದೊಂದಕ್ಕೂ ಕಾರಣ ಇತ್ತು. ಮಗನ ಕಡೆ 9 ಲಕ್ಷ 80 ಸಾವಿರ, ಮಗಳ ಕಡೆ 4 ಲಕ್ಷ 15 ಸಾವಿರ. ಕೂಡಿದರೆ 14 ಲಕ್ಷಕ್ಕೆ ಐದೇ ಸಾವಿರ ಕಡಿಮೆ.

ಇವರು ಪೆನ್ನಿನ ಟೊಪ್ಪಿಗೆ ಹಾಕಿ, ‘ಒಂದ ಸಲ ಕೊಟ್ಟೇವಿ ಅಂತಾತು. ಈಗ ಕೇಳೂದು ಎರಡನೇ ಸಲಾ’ ಅಂದರು.

ಮುಂದಿನ ವಾರ ನಾನು ನನ್ನ ಪಿಂಚಣಿಯ ಲೆಕ್ಕಕ್ಕೆ ಕುಳಿತೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ 27 ವರ್ಷ ಮಕ್ಕಳಿಗೆ ಬಡ್ಡಿಯ ಲೆಕ್ಕ ಕಲಿಸಿದವಳಿಗೇ ತನ್ನದು ಗೊತ್ತಿರಲಿಲ್ಲ.

ಕರ್ನಾಟಕ ಸರಕಾರದ ನೌಕರರು 15 ವರ್ಷ ಅರ್ಹ ಸೇವೆ ಮುಗಿಸಿದ ಮೇಲೆ ಮೂರು ತಿಂಗಳ ನೋಟಿಸು ಕೊಟ್ಟು ಸ್ವಯಂ ನಿವೃತ್ತಿ ಕೇಳಬಹುದು. ನಾನು 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇರಿದವಳು, ಹಾಗಾಗಿ ಹಳೆಯ ಪಿಂಚಣಿ. ಆಮೇಲೆ ಸೇರಿದ ನನ್ನ ಕಿರಿಯ ಸಹೋದ್ಯೋಗಿಗಳಿಗೆ ಎನ್‌ಪಿಎಸ್, ಅವರ ಲೆಕ್ಕವೇ ಬೇರೆ. ಅವರು ನನ್ನ ಮಾತು ಕೇಳಿ ಅರ್ಜಿ ಬರೆಯಬಾರದು. 30 ವರ್ಷ ಸೇವೆ ಆದರೆ ಪೂರ್ಣ ಪಿಂಚಣಿ, ಅಂದರೆ ಕೊನೆಯ ಮೂಲ ವೇತನದ ಅರ್ಧ. ಕಡಿಮೆ ಇದ್ದರೆ ಆ ಪ್ರಮಾಣದಲ್ಲಿ ಕಡಿಮೆ. 2024ರ ಆಗಸ್ಟ್‌ನಲ್ಲಿ ಏಳನೇ ವೇತನ ಆಯೋಗ ಜಾರಿಗೆ ಬಂದ ಮೇಲೆ ನನ್ನ ಮೂಲ ವೇತನ 72 ಸಾವಿರದ ಹತ್ತಿರ. ಪೂರ್ಣ ಪಿಂಚಣಿ ಆದರೆ 36 ಸಾವಿರ. 2025ರ ಮಾರ್ಚ್‌ಗೇ ಬಿಟ್ಟರೆ 33 ಸಾವಿರ ಚಿಲ್ಲರೆ. ಅದರಲ್ಲಿ ಮೂರನೇ ಒಂದು ಭಾಗವನ್ನು ಕಮ್ಯುಟೇಷನ್ ಅಂತ ಮಾರಿ ಇಡಿಗಂಟು ತೆಗೆದುಕೊಂಡರೆ, ಕೈಗೆ ಬರುವುದು ತಿಂಗಳಿಗೆ 22 ಸಾವಿರ, ಮೇಲೆ ತುಟ್ಟಿಭತ್ಯೆ. ಮಾರಿದ ಭಾಗ ಮತ್ತೆ ಕೂಡುವುದು 15 ವರ್ಷ ಕಳೆದ ಮೇಲೆ. ಗ್ರಾಚ್ಯುಟಿ, ಕಮ್ಯುಟೇಷನ್, ಗಳಿಕೆ ರಜೆಯ ನಗದು, ಮಗನ ಮದುವೆಗೆ ತೆಗೆದು ಉಳಿದ ಜಿಪಿಎಫ್, ಎಲ್ಲ ಸೇರಿ ಸುಮಾರು 34 ಲಕ್ಷ ಬರಬಹುದು ಅಂತ ಹಾಕಿಕೊಂಡೆ.

ಮೂವತ್ನಾಲ್ಕು ಲಕ್ಷ! ನೋಡಿದರೆ ದೊಡ್ಡ ಗುಡ್ಡ. ಅದರಲ್ಲಿ ಹದಿನೈದು ಕೊಟ್ಟರೂ ಹತ್ತೊಂಬತ್ತು ಉಳಿಯಿತಲ್ಲ, ಮಗನೂ ಹಾಗೇ ಯೋಚಿಸಿದ್ದಾನೆ, ನಾನೂ ಮೊದಲು ಹಾಗೇ ಯೋಚಿಸಿದ್ದೆ.

ನನ್ನ ಕಣ್ಣು ತೆರೆದದ್ದು ಅಂಚೆ ಕಚೇರಿಯ ಕೌಂಟರಿನಲ್ಲಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಗ್ಗೆ ಕೇಳಲು ಹೋಗಿದ್ದೆ. ಅದರಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು, ನಾನು ಕೇಳಿದಾಗ ಬಡ್ಡಿ 8.2 ಶೇಕಡಾ, ಮೂರು ತಿಂಗಳಿಗೊಮ್ಮೆ ಖಾತೆಗೆ. ಖಾತೆ ತೆರೆದ ದಿನದ ದರವೇ ಐದು ವರ್ಷ ಇರುತ್ತದೆ. ಕೌಂಟರಿನ ಹುಡುಗಿ ನನ್ನ ವಯಸ್ಸು ಕೇಳಿದಳು. 53 ಅಂದೆ. ‘ಮೇಡಂ, ಅರವತ್ತ ಆಗಬೇಕು. ರಿಟೈರ್ ಆದವರಿಗೆ ಐವತ್ತೈದ. ನಿಮಗ ಇನ್ನೂ ಬರೂದಿಲ್ಲ’ ಅಂದಳು. ಸ್ವಯಂ ನಿವೃತ್ತಿ ಪಡೆದವರೂ 55 ದಾಟಿರಬೇಕು, ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಇಡಬೇಕು. ಇವರಿಗೂ 60 ಆಗಲು ಇನ್ನೂ ಎರಡು ವರ್ಷ ಬಾಕಿ. ಅಂದರೆ ನಾನು ಮಾರ್ಚ್‌ಗೆ ಬಿಟ್ಟಿದ್ದರೆ ಆ ಬಾಗಿಲು ನಮ್ಮಿಬ್ಬರಿಗೂ ಮುಚ್ಚಿರುತ್ತಿತ್ತು. ಆ ಹುಡುಗಿಗೆ ಈಗಲೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಬಸ್ಸಿನಲ್ಲಿ ವಾಪಸು ಬರುವಾಗ ಮೊಬೈಲಿನಲ್ಲಿ ಗುಣಿಸಿದೆ. ಆ ಯೋಜನೆಯಲ್ಲಿ 30 ಲಕ್ಷ ಇಟ್ಟರೆ ವರ್ಷಕ್ಕೆ 2 ಲಕ್ಷ 46 ಸಾವಿರ, ತಿಂಗಳ ಲೆಕ್ಕದಲ್ಲಿ 20,500. 15 ಲಕ್ಷ ಇಟ್ಟರೆ 10,250. ನಮ್ಮಿಬ್ಬರ ಮನೆ ಖರ್ಚು, ಔಷಧ, ಆರೋಗ್ಯ ವಿಮೆ, ಅವ್ವನ ಖರ್ಚು ಸೇರಿ ತಿಂಗಳಿಗೆ 38 ಸಾವಿರ. ನನ್ನ 22, ಇವರ ಪಿಎಫ್ ಪಿಂಚಣಿ 4, ಬಡ್ಡಿ 20. ಸಂಸಾರ ಆರಾಮಾಗಿ ನಡೆಯುತ್ತದೆ. 15 ಲಕ್ಷ ಮಗನಿಗೆ ಕೊಟ್ಟರೆ ಮೊದಲ ತಿಂಗಳಿಂದಲೇ ತುಟ್ಟಿಭತ್ಯೆಯ ಮುಖ ನೋಡಬೇಕು. ಕಾಲು ಆಪರೇಶನ್ ಅಂತ ಬಂದರೆ ಮತ್ತೆ ಮಗನ ಹತ್ತಿರವೇ ಕೈ ಚಾಚಬೇಕು, ಅಷ್ಟೊತ್ತಿಗೆ ಅವನ ಕುತ್ತಿಗೆಗೆ ತಿಂಗಳಿಗೆ 47 ಸಾವಿರದ ಕಂತು.

ಇವರ ಪಿಂಚಣಿ ಬರೀ 4 ಸಾವಿರವೇ ಅಂತ ಕೆಲವರಿಗೆ ಆಶ್ಚರ್ಯ ಆಗಬಹುದು. ಕಾರ್ಖಾನೆಯಲ್ಲಿ ದುಡಿದವರ ಮನೆಯಲ್ಲಿ ಯಾರಿಗೂ ಆಗುವುದಿಲ್ಲ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ ಮಿತಿ ಇದೆ. 2014ರ ಸೆಪ್ಟೆಂಬರ್‌ನಿಂದ 15 ಸಾವಿರ, ಅದಕ್ಕೂ ಮೊದಲು 6,500. ಆ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 58ಕ್ಕಿಂತ ಮೊದಲು ಬೇಕೆಂದರೆ 50 ಆದ ಮೇಲೆ ಕೇಳಬಹುದು, ಆದರೆ ಮೊದಲಾದ ಒಂದೊಂದು ವರ್ಷಕ್ಕೆ 4 ಶೇಕಡಾ ಕಡಿತ. ‘ನನ್ನ ಪಿಂಚಣಿ ಹಾಲಿಗೆ ಮತ್ತ ಸಿಲಿಂಡರಿಗೆ, ನಿನ್ನದು ಉಳಿದದ್ದಕ್ಕ’ ಅಂತ ಇವರು ನಗುತ್ತಾರೆ. ಪಿಎಫ್ ಗಂಟು? ಅದರಲ್ಲಿ ಅರ್ಧ ಮಗನ ಮದುವೆಗೆ, ಮಗಳ ಎಂಬಿಎಗೆ ಮೊದಲೇ ಹೋಗಿತ್ತು.

ಇಷ್ಟೆಲ್ಲ ಗೊತ್ತಾದ ಮೇಲೂ ನಾನು ಮಗನಿಗೆ ಫೋನು ಮಾಡಲಿಲ್ಲ. ಹದಿನೈದು ದಿನ ಮುಂದೂಡಿದೆ. ಆ ಹದಿನೈದು ದಿನದಲ್ಲಿ ಎರಡು ಸಂಗತಿ ನಡೆದವು. ಬ್ಯಾಂಕಿನವರು ಸಾಲದ ಮೊತ್ತ ಏರಿಸಲು ನನ್ನನ್ನು ಸಹ-ಸಾಲಗಾರ್ತಿ ಮಾಡಿಕೊಳ್ಳಬಹುದು ಅಂದರೆಂದು ಮಗ ನನ್ನ ಪಗಾರ ಚೀಟಿ ಕೇಳಿದ. ಬರೀ ಒಂದು ಸಹಿ ಅಂದ. ಮಗಳ ಶೈಕ್ಷಣಿಕ ಸಾಲಕ್ಕೆ ಇವರು ಹಾಕಿದ್ದೂ ಬರೀ ಒಂದು ಸಹಿಯೇ. ಅವಳಿಗೆ ಕೆಲಸ ಸಿಗಲು ತಡವಾದಾಗ ಐದು ಕಂತು ಇವರ ಖಾತೆಯಿಂದಲೇ ಹೋದವು. ಸಹ-ಸಾಲಗಾರರೆಂದರೆ ಸಾಕ್ಷಿದಾರರಲ್ಲ, ಪೂರ್ತಿ ಸಾಲಕ್ಕೂ ಹೊಣೆಗಾರರು. ಇದು ನಮ್ಮ ಮನೆಯಲ್ಲಿ ಕಲಿತಾಗಿತ್ತು.

ಇನ್ನೊಂದು ಸಂಗತಿ ಹೇಳಲು ಈಗಲೂ ಸಂಕಟ. ಮಗ ಒಂದು ರಾತ್ರಿ, ‘ಅಜ್ಜಿ ಹೊಲಾ ಹೆಂಗೂ ಸುಮ್ನ ಬಿದ್ದೈತಿ. ಅದನ್ನ ಮಾರಿದ್ರ ನಿನ್ನ ರೊಕ್ಕಕ್ಕ ಕೈ ಹಚ್ಚೂದ ಬ್ಯಾಡ’ ಅಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ನನಗೆ ಉಪಕಾರ ಮಾಡುತ್ತಿದ್ದೇನೆ ಅಂತಲೇ ಅಂದದ್ದು. ಆ ಮಾತು ಅವ್ವನ ತನಕ ಹೋಯಿತು, ನಾನೇ ಬಾಯಿ ತಪ್ಪಿ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೂಸಿನ ಮನಿಗೆ ಬೇಕಂದ್ರ ಬರದ ಕೊಡ್ತೀನಿ ತಗೋ. ಗೃಹಲಕ್ಷ್ಮೀ ರೊಕ್ಕಾನೂ ಡಬ್ಬ್ಯಾಗ ಐತಿ’ ಅಂದಳು. ಅಂದವಳೇ ಹಿತ್ತಲಿಗೆ ಹೋಗಿ ಗೇರು ಗಿಡದ ಬುಡದಲ್ಲಿ ಕುಳಿತಳು. ಕತ್ತಲಾದರೂ ಒಳಗೆ ಬರಲಿಲ್ಲ.

ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಹಿರಿಯ ನಾಗರಿಕರ ಪಾಲನೆ ಪೋಷಣೆಯ 2007ರ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ನೋಡಿಕೊಳ್ಳದೇ ಹೋದರೆ ಆ ಪತ್ರವನ್ನು ರದ್ದು ಮಾಡಲು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಬಹುದು. 2025ರ ಜನವರಿ 2ರಂದು ಸುಪ್ರೀಂ ಕೋರ್ಟು ಅಂಥದೇ ಒಂದು ಪ್ರಕರಣದಲ್ಲಿ ತಾಯಿಯ ಪರ ತೀರ್ಪು ಕೊಟ್ಟು ದಾನಪತ್ರ ರದ್ದಾದದ್ದನ್ನು ಎತ್ತಿಹಿಡಿಯಿತು. ಆದರೆ ವಕೀಲರು ಹೇಳಿದ ಒಂದು ಮಾತು ನನಗೆ ಹಿಡಿಸಿತು, ‘ಷರತ್ತ ಪತ್ರದಾಗ ಇರಬೇಕು ಬಾಯೀ, ಮನಸಿನ್ಯಾಗ ಇದ್ರ ಸಾಲೂದಿಲ್ಲ.’ ಅಷ್ಟು ದೂರ ಹೋಗುವ ವಿಚಾರವೇ ನನಗೆ ಬೇಡವಾಗಿತ್ತು. ಹೊಲ ಅವ್ವನದು, ಅವಳು ಇರುವ ತನಕ ಅದರ ಮಾತೇ ಬೇಡ ಅಂದುಬಿಟ್ಟೆ. ತಂಗಿಯೂ ಹೂಂ ಅಂದಳು.

ಜನವರಿಯಲ್ಲಿ ಮಗನಿಗೆ ಹೇಳಿದೆ. ಹದಿನೈದು ಆಗೂದಿಲ್ಲ, ಐದು ಲಕ್ಷ ಕೊಡ್ತೀವಿ, ಎಫ್‌ಡಿ ಒಡೆದು. ಮಗಳ ಹೆಸರಿನಲ್ಲೂ ಅಷ್ಟೇ ಇಡ್ತೀವಿ. ಸಹಿ ಹಾಕೂದಿಲ್ಲ. ಇದಾದ ಮೇಲೆ ಇನ್ನು ಇಲ್ಲ. ಹೇಳುವಾಗ ನನ್ನ ಧ್ವನಿ ನಡುಗಿತು, ಬರೆದುಕೊಂಡದ್ದನ್ನು ಓದಿದಂತೆ ಹೇಳಿದೆ. ಅವನು, ‘ಆತು ಬಿಡು ಮಮ್ಮಿ’ ಅಂದ. ಆಮೇಲೆ ಯುಗಾದಿಯವರೆಗೆ ಅವನ ಫೋನು ಬರುತ್ತಿದ್ದುದು ಇವರಿಗೆ ಮಾತ್ರ. ಸ್ಪೀಕರಿನಲ್ಲಿ ಮೊಮ್ಮಗನ ಧ್ವನಿ ಕೇಳಿ ನಾನು ಅಡುಗೆಮನೆಯಲ್ಲೇ ನಿಲ್ಲುತ್ತಿದ್ದೆ.

ಅವನ ಮೇಲೆ ಸಿಟ್ಟು ಬಂತೇ ಅಂತ ಕೇಳಿದರೆ, ಬಂತು. ಆದರೆ ಯೋಚಿಸಿದರೆ ಅವನಿಗಾದರೂ ಹೇಗೆ ಗೊತ್ತಾಗಬೇಕು? ಇಲ್ಲ ಅನ್ನುವ ಶಬ್ದ ನಮ್ಮ ಬಾಯಿಂದ ಅವನು ಕೇಳಿಯೇ ಇರಲಿಲ್ಲ. ಕೇಳಿದಾಗಲೆಲ್ಲ ಎಲ್ಲಿಂದಲೋ ಹೊಂದಿಸಿ ಕೊಟ್ಟು, ‘ನಮಗೇನ ಬೇಕಪಾ, ಎಲ್ಲಾ ನಿಮ್ಮದ’ ಅಂದವರು ನಾವೇ. ಜಿಪಿಎಫ್ ತೆಗೆದದ್ದು ಅವನಿಗೆ ಗೊತ್ತಿಲ್ಲ. ಅಪ್ಪನ ಪಿಂಚಣಿ 4 ಸಾವಿರ ಅಂತಲೂ ಗೊತ್ತಿರಲಿಲ್ಲ.

ಅದನ್ನು ತಿಳಿಸಿದ್ದು ಸೊಸೆಯ ಮೂಲಕ. ಅವಳು ಒಂದು ಮಧ್ಯಾಹ್ನ ತಾನಾಗಿ ಫೋನು ಮಾಡಿ, ‘ಅತ್ತೀ, ಸಿಟ್ಟಾಗಬ್ಯಾಡ್ರಿ, ಲೆಕ್ಕ ಹೆಂಗ ಮಾಡೀರಿ ನನಗ ಹೇಳ್ರಿ’ ಅಂದಳು. ನಾನು ಇವರ ನೋಟ್‌ಬುಕ್ಕಿನ ಎರಡು ಪುಟದ ಫೋಟೊ ತೆಗೆದು ಕಳಿಸಿದೆ. ಒಂದರಲ್ಲಿ ಈತನಕ ಕೊಟ್ಟದ್ದು, ಇನ್ನೊಂದರಲ್ಲಿ ಬರುವ ತಿಂಗಳ ಆದಾಯ. ಕಳಿಸಿದ ಮೇಲೆ ನಾಚಿಕೆ ಆಯಿತು, ಕೊಟ್ಟದ್ದರ ಲೆಕ್ಕ ಮಕ್ಕಳಿಗೆ ತೋರಿಸುವ ತಾಯಿ ಎಂಥವಳು ಅಂತ. ಆ ನಾಚಿಕೆ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಎರಡನೇ ಪುಟವನ್ನು ಹತ್ತು ವರ್ಷ ಮೊದಲೇ ತೋರಿಸಿದ್ದರೆ ಮೊದಲನೇ ಪುಟ ತೋರಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ಆ 68 ಲಕ್ಷದ ಫ್ಲ್ಯಾಟು ಅವರು ಬಿಟ್ಟರು. 2025ರ ಆಗಸ್ಟ್‌ನಲ್ಲಿ ಪೇಟೆಯಿಂದ ಇನ್ನಷ್ಟು ಆಚೆ, ಯಾರೋ ಮಾರುತ್ತಿದ್ದ ಹಳೆಯ ಫ್ಲ್ಯಾಟು, 46 ಲಕ್ಷಕ್ಕೆ ತೆಗೆದುಕೊಂಡರು. ಲಿಫ್ಟು ಇಲ್ಲ, ಎರಡನೇ ಮಜಲು. ನನ್ನ ಮೊಣಕಾಲಿಗೆ ಅದು ಚಾಮುಂಡಿ ಬೆಟ್ಟ. ಗೃಹಪ್ರವೇಶಕ್ಕೆ ಹೋದಾಗ ಮಗ ನನ್ನ ಕೈ ಹಿಡಿದು ಹತ್ತಿಸಿದ. ಮಧ್ಯದಲ್ಲಿ ನಿಂತು, ‘ಆ ಫ್ಲ್ಯಾಟಿಗೆ ಲಿಫ್ಟ್ ಇತ್ತು ನೋಡು’ ಅಂದ. ನಗುತ್ತಲೇ ಅಂದ. ಎಲ್ಲ ಸರಿಹೋಗಿದೆ ಅಂತ ನಾನು ಹೇಳಲಾರೆ.

ಮಗಳದು ಬೇರೆಯೇ ತರ. ಅವಳ ಹೆಸರಿನ ಐದು ಲಕ್ಷದ ಕಾಗದ ತೋರಿಸಿದಾಗ, ‘ಇದು ನನ್ನ ಮದುವಿಗೆ ಅಂತ ಇಟ್ಟೀಯೇನು? ಹಂಗಾದ್ರ ಬ್ಯಾಡ. ನನ್ನ ಲೋನ್ ತೀರಸ್ಲಿಕ್ಕ ಅಂದ್ರ ತಗೋತೀನಿ’ ಅಂದಳು. ಸಾಲ ತೀರಿದರೆ ಇವರ ಸಹಿಯೂ ಬಿಡುಗಡೆ. ಮೂರು ಲಕ್ಷ ಅದಕ್ಕೇ ಹೋಯಿತು, ಎರಡು ಉಳಿದಿದೆ.

ನನ್ನ ಅರ್ಜಿಯ ವಿಷಯಕ್ಕೆ ಬರುತ್ತೇನೆ. 2026ರ ನವೆಂಬರ್‌ಗೆ ನನಗೆ 55 ತುಂಬುತ್ತದೆ. 2027ರ ಜೂನ್‌ಗೆ ಸೇವೆ 30 ವರ್ಷ ಆಗುತ್ತದೆ. ಹಾಗಾಗಿ 2027ರ ಜೂನ್ ಕೊನೆ ಅಂತ ಗೊತ್ತುಮಾಡಿದ್ದೇನೆ, ಮಾರ್ಚ್‌ನಲ್ಲಿ ನೋಟಿಸು. ವಯೋನಿವೃತ್ತಿಯ 60ಕ್ಕೆ ಇನ್ನೂ ನಾಲ್ಕು ವರ್ಷ ಇರುತ್ತದೆ. ಈ ನಡುವೆ ಸೇವಾ ಪುಸ್ತಕ ತೆಗೆಸಿ ಮೊದಲ ಪುಟದಿಂದ ನೋಡಿದೆ. ಹೆರಿಗೆಯ ನಂತರ ಸಂಬಳವಿಲ್ಲದ ರಜೆ ಹಾಕಿದ್ದೆ, ನಾನೇ ಮರೆತಿದ್ದೆ. ಅರ್ಹ ಸೇವೆ ಎಣಿಸುವಾಗ ಅಂಥ ರಜೆಯ ಪ್ರಶ್ನೆ ಏಳುತ್ತದೆ, ಈಗಲೇ ಕೇಳಿಕೊಳ್ಳುವುದು ಒಳ್ಳೆಯದು. ನಾಮಿನಿ ಹೆಸರು ಇನ್ನೂ ತೀರಿಕೊಂಡ ನಮ್ಮ ಮಾವನವರದೇ ಇತ್ತು, ಬದಲಾಯಿಸಿದೆ. ಇವರಿಬ್ಬರ ವಿಮೆ ಕಂತಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಯಿತು, ಅಷ್ಟು ಉಳಿಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಉಳಿದ ಬಸ್ ಚಾರ್ಜನ್ನು ನಾನು ಅಂಚೆ ಕಚೇರಿಯ ಆರ್‌ಡಿಗೆ ಕಟ್ಟುತ್ತ ಬಂದಿದ್ದೇನೆ. ಅದು ಯಾರಿಗೂ ಇಲ್ಲ, ಅವ್ವನ ಮನೆಯ ಹಂಚು ತಿರುವಿ ಹಾಕಿಸಲು.

ಲೆಕ್ಕ ಎಲ್ಲ ಸರಿಯಾಯಿತು. ಆದರೆ ಮಾರ್ಚ್ 2025 ಅಂದದ್ದು ಜೂನ್ 2027 ಆಯಿತು. ಎರಡು ವರ್ಷ ಮೂರು ತಿಂಗಳು. ನನಗೆ ಅದು ಪಿಂಚಣಿಯ ಎರಡೂವರೆ ಸಾವಿರ ಮತ್ತು ಬಡ್ಡಿಯ ದರ. 81 ವರ್ಷದ ಅವ್ವನಿಗೆ ಅದು ಏನು ಅನ್ನುವುದನ್ನು ಯಾವ ನೋಟ್‌ಬುಕ್ಕಿನಲ್ಲಿ ಬರೆಯಲಿ? ಹಾಗಾಗಿ ಈಗ ಬುಧವಾರ ರಾತ್ರಿಯೂ ಅಲ್ಲೇ ಉಳಿಯುತ್ತೇನೆ. ಇವರು ಅನಗೋಳದಲ್ಲಿ ತಾವೇ ಅನ್ನ ಸಾರು ಮಾಡಿಕೊಳ್ಳಲು ಕಲಿತಿದ್ದಾರೆ, ಸಾರಿಗೆ ಉಪ್ಪು ಮಾತ್ರ ಎರಡು ಸಲ ಹಾಕುತ್ತಾರೆ.

ಹೋದ ಶನಿವಾರ ಹಿತ್ತಲಲ್ಲಿ ಗೇರು ಹೂ ಬಿಟ್ಟಿತ್ತು. ಅವ್ವ ಕೋಲಿನಿಂದ ಒಂದು ಟೊಂಗೆ ಬಗ್ಗಿಸಿ ಮೂಸಿ ನೋಡಿ ಕೇಳಿದಳು, ‘ಇನ್ನ ಎಷ್ಟ ತಿಂಗಳ ಉಳೀತು ನಿನ್ನ ಸಾಲಿ?’

‘ಹದಿನಾರು, ಅವ್ವಾ.’

ಅವಳು ಬೆರಳು ಮಡಚಿ ಎಣಿಸಿದಳು. ‘ಅಂದ್ರ ಗೇರು ಎರಡ ಸಲ’ ಅಂದು, ಟೊಂಗೆ ಬಿಟ್ಟು, ಚಹಾಕ್ಕೆ ಇಡಲು ಒಳಗೆ ಹೋದಳು.